ಆಲ್ಬಾರ್, ರಿಯೊ ಅಸುಲ್ ಮತ್ತು ಕನೆಲೊನ ಹೊಟ್ಟೆ

ಮೇ 28, ಬುಧವಾರ

ಭಾವನ ನಾಯಿ ಇವತ್ತು ಮತ್ತೆ ಅಂಗಳವನ್ನೆಲ್ಲ ಹೊಲಸು ಮಾಡಿತು. ಬೆಳಿಗ್ಗೆ ನನ್ನ ಶೇರ್ ಟ್ಯಾಕ್ಸಿ, ಟ್ರುಫಿ, ತೆಗೆಯಲು ಹೋದವನು ಸರಿಯಾಗಿ ಅದರ ಮೇಲೆಯೇ ಕಾಲಿಟ್ಟೆ. ಒರೆಸಿಕೊಂಡು ಮೊದಲ ಟ್ರಿಪ್ಪು ಹೊಡೆದೆ. ಹಿಂದಿನ ಸೀಟಿನ ಹೆಂಗಸು ಮೂಗು ಮುಚ್ಚಿಕೊಂಡು, "ಡ್ರೈವರ್ರೇ, ಗಾಡಿ ಒಳಗೆ ಏನೋ ಸತ್ತಿದೆ ನೋಡಿ" ಎಂದಳು. "ಸತ್ತಿಲ್ಲಮ್ಮಾ, ಸಾಯ್ತಾ ಇದೆ. ನಮ್ಮನೇಲಿ" ಎಂದೆ. ಉಳಿದ ಮೂವರು ನಕ್ಕರು.

ಫರ್ಮೀನ್ ನನ್ನ ಹೆಂಡತಿ ನಿಲ್ದಾಳ ಅಣ್ಣ. ಹೋದ ವರ್ಷ ಅವನ ಹೆಂಡತಿ ಯುಲಾಲಿಯಾ ತೀರಿಕೊಂಡಳು. ಅಲ್ಲಿಂದ ನಮ್ಮ ಹಿತ್ತಲ ಕೋಣೆಯಲ್ಲಿದ್ದಾನೆ. ತಂದದ್ದು ಒಂದು ಪೆಟ್ಟಿಗೆ, ಒಂದು ಹಾಸಿಗೆ, ಯುಲಾಲಿಯಾ ಬೀದಿಯಿಂದ ಎತ್ತಿ ತಂದು ಸಾಕಿದ್ದ ಈ ಕಂದು ನಾಯಿ, ಕನೆಲೊ. ಮನುಷ್ಯರ ಹತ್ತಿರ ದಿನಕ್ಕೆ ಹತ್ತು ಮಾತಾಡುವುದಿಲ್ಲ ಭಾವ. ಅದರ ಹತ್ತಿರ ಮಾತ್ರ ಪಟಪಟ ಎನ್ನುತ್ತಾನೆ.

ಸಂಜೆ ಮೂವರೂ ಅದನ್ನು ಡಾಕ್ಟರ್ ಆರ್ಮಿಂದಾ ಹತ್ತಿರ ಒಯ್ದೆವು. ಪಕ್ಕೆಲುಬು ಎಣಿಸಬಹುದು, ಹಾಗಾಗಿದೆ. ಕರುಳಿಗೆ ಕೋಳಿ ಆಗುವುದಿಲ್ಲವಂತೆ. "ಕೋಳಿ ಮಾಂಸ, ಕೋಳಿ ಕೊಬ್ಬು, ಕೋಳಿ ಪುಡಿ, ಯಾವುದೂ ಬೇಡ. ಕೋಳಿ ಇಲ್ಲದ ಒಳ್ಳೇ ಒಣ ಆಹಾರ ಒಂದನ್ನ ಆರಿಸಿ, ಅದೊಂದನ್ನೇ ಹಾಕಿ. ಬೇರೆ ಒಂದು ಚೂರು ಬಾಯಿಗೆ ಬಿದ್ರೂ ಮಾಡಿದ್ದೆಲ್ಲ ನೀರು ಪಾಲು. ಇನ್ನೂ ಇಳಿದ್ರೆ ನನ್ನ ಕೈಲಿ ಏನೂ ಇಲ್ಲ" ಎಂದಳು. ಭಾವ ನಾಯಿಯ ಕಿವಿಯನ್ನು ಬೆರಳಲ್ಲಿ ಸುತ್ತುತ್ತ ನಿಂತಿದ್ದ. ದಿನವೂ ಬರೆದಿಡಿ ಎಂದೂ ಹೇಳಿದಳು. ಹಾಗಾಗಿ ಬರೆಯುತ್ತಿದ್ದೇನೆ.

ಆಹಾರ ಆರಿಸುವ ಕೆಲಸ ನನ್ನದು ಎಂದೆ. ಭಾವನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಚೌಕಾಸಿ ಅಂತೂ ಏಳು ಜನ್ಮಕ್ಕೂ ಬರುವುದಿಲ್ಲ. ವ್ಯಾಪಾರ ಅಂದರೆ ಈ ರೆನಾನ್. ನಾಯಿಯ ಮೇಲಿನ ಪ್ರೀತಿಗಲ್ಲ, ನನ್ನ ಅಂಗಳ ಚೊಕ್ಕಟವಾದರೆ ಸಾಕು.

ಮೇ 31, ಶನಿವಾರ

ಕಾಂಚಾ ಸಂತೆಯಲ್ಲಿ ಅರ್ಧ ದಿನ ಕಳೆದೆ. ದೋನ್ಯಾ ಸಬೀನಾಳ ಅಂಗಡಿಯಲ್ಲಿ ನಾಯಿ ಆಹಾರದ ಮೂಟೆಗಳು ಬಾಯಿ ತೆರೆದು ಸಾಲಾಗಿ ನಿಂತಿರುತ್ತವೆ, ಕಿಲೋ ಲೆಕ್ಕದಲ್ಲಿ ಕೊಡುತ್ತಾಳೆ. ಹತ್ತು ವರ್ಷದ ನಂಟು ನಮ್ಮದು. ಖಾಯಂ ಅಂಗಡಿಯವಳೆಂದು ನನಗೆ ಅವಳು ಕಾಸೆರಾ, ಖಾಯಂ ಗಿರಾಕಿಯೆಂದು ಅವಳಿಗೆ ನಾನು ಕಾಸೆರೊ. ಹಿಂದೆ ಕೋಳಿಗಳಿಗೆ ಜೋಳ ಒಯ್ಯುತ್ತಿದ್ದೆ.

ಮೊದಲು ತೋರಿಸಿದ್ದು ಸಿಯರ್ರಾ ನೋಬ್ಲೆ. ಚೀಲದ ಮುಂದೆ ಹಸಿರು ಗುಡ್ಡ, ಮುದ್ದಾದ ಕುರಿಮರಿ. ಹಿಂದೆ ತಿರುಗಿಸಿ ಓದಿದೆ, ಯಾವುದು ಹೆಚ್ಚೋ ಅದರ ಹೆಸರು ಮೊದಲು ಬರೆದಿರುತ್ತಾರೆ. ಮೊದಲ ಹೆಸರೇ ಜೋಳದ ಹಿಟ್ಟು, ಆಮೇಲೆ "ಮಾಂಸದ ಪುಡಿ". ಯಾವ ಪ್ರಾಣಿಯದು ಎಂದು ಅದನ್ನು ಮಾಡಿದವನಿಗೇ ಗೊತ್ತು. ನಂತರ ಕೋಳಿ ಕೊಬ್ಬು. ಕುರಿ ಬಂದದ್ದು ಉಪ್ಪಿಗಿಂತ ಒಂದು ಮೆಟ್ಟಿಲು ಮೇಲೆ. "ಕಾಸೆರಾ, ಈ ಕುರಿ ಚಿತ್ರಕ್ಕೆ ಮಾತ್ರ ಬಂದು ಹೋಗಿದೆ" ಎಂದೆ.

ಎರಡನೆಯದು ಪುಮಾ ಬ್ಲಾಂಕೊ. ಮೊದಲ ಹೆಸರು ತಾಜಾ ಕುರಿ ಮಾಂಸ. ನಾನೂ ಒಂದು ಗಳಿಗೆ ಮರುಳಾದೆ. ಆದರೆ ತಾಜಾ ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಒಣಗಿಸಿ ಗುಂಡು ಕಟ್ಟುವ ಹೊತ್ತಿಗೆ ಕುರಿ ಆವಿಯಾಗಿ ಹೋಗಿರುತ್ತದೆ. ಮೇಲಾಗಿ ಜೋಳದ ಹಿಟ್ಟು, ಜೋಳದ ಅಂಟು, ಜೋಳದ ತೌಡು ಎಂದು ಒಂದೇ ಜೋಳವನ್ನು ಮೂರು ಹೆಸರಲ್ಲಿ ಒಡೆದು ಕೆಳಗೆ ಬಚ್ಚಿಟ್ಟಿದ್ದಾರೆ. ಮೂರನ್ನೂ ಕೂಡಿಸಿದರೆ ಅದೇ ಮೇಲೆ ಬರಬೇಕು. ಕಳ್ಳರು.

ಮೂರನೆಯದು ಆಲ್ಬಾರ್. ಒಣ ಕುರಿ ಮಾಂಸದ ಪುಡಿ, ಅಕ್ಕಿ, ಬೀಟ್‌ರೂಟ್ ತಿರುಳು, ಮೀನೆಣ್ಣೆ. ಕೋಳಿಯ ಸುಳಿವೇ ಇಲ್ಲ. ಕಿಲೋ ಬೆಲೆ ಕೇಳಿ ಜೊತೆಗೆ ಬಂದಿದ್ದ ನಿಲ್ದಾ ಎದೆ ಹಿಡಿದುಕೊಂಡಳು. ಸಾರ ಹೆಚ್ಚಿದ್ದರೆ ನಾಯಿಗೆ ಕಡಿಮೆ ಸಾಕು, ದಿನದ ಲೆಕ್ಕ ನೋಡಬೇಕು, ಕಿಲೋ ಲೆಕ್ಕವಲ್ಲ ಎಂದು ವಿವರಿಸಿದೆ. ದಿನದ ಲೆಕ್ಕದಲ್ಲಿ ಸಿಯರ್ರಾ ನೋಬ್ಲೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ವಾರಕ್ಕಾಗುವಷ್ಟು ತೂಗಿಸಿದೆ. ತೂಗುವಾಗ ನನ್ನ ಕಣ್ಣು ತಕ್ಕಡಿಯ ಮುಳ್ಳಿನಿಂದ ಕದಲುವುದಿಲ್ಲ, ಸಂತೆಯಲ್ಲಿ ಎಲ್ಲರಿಗೂ ಗೊತ್ತು. ಕೊನೆಗೆ "ಕೊಸರು ಎಲ್ಲಿ ಕಾಸೆರಾ?" ಎಂದೆ. ಒಂದು ಹಿಡಿ ಹಾಕಿದಳು. "ಇಷ್ಟೇನಾ? ಹತ್ತು ವರ್ಷದ ಗಿರಾಕಿಗೆ?" ಮತ್ತೊಂದು ಹಿಡಿ ಬಿತ್ತು. ಕೊಸರಿಲ್ಲದ ವ್ಯಾಪಾರ ಉಪ್ಪಿಲ್ಲದ ಸಾರು. ಬೇರೆಯವರಿಗೆ ಒಂದು ಹಿಡಿ, ನನಗೆ ಎರಡು.

ಜೂನ್ 6, ಶುಕ್ರವಾರ

ಭಾನುವಾರ, ಸೋಮವಾರ ಭೇದಿ ಮೊದಲಿಗಿಂತ ಕೆಟ್ಟದಾಗಿತ್ತು. ಹೊಸ ಆಹಾರ, ಒಗ್ಗಬೇಕಲ್ಲ ಎಂದುಕೊಂಡೆ. ಗುರುವಾರ ಸ್ವಲ್ಪ ಮೇಲು. ಇವತ್ತು ಅಂಗಳದಲ್ಲಿ ಬಿದ್ದದ್ದಕ್ಕೆ ಒಂದು ಆಕಾರ ಇತ್ತು. ಭಾವ ನನ್ನನ್ನು ಕರೆದು ತೋರಿಸಿದ. ಇಬ್ಬರು ಗಂಡಸರು ಬಗ್ಗಿ ಅದನ್ನು ನೋಡುತ್ತ ನಿಂತಿದ್ದನ್ನು ಕಂಡು ಪಕ್ಕದ ಮನೆಯವಳು ಶಿಲುಬೆ ಗುರುತು ಮಾಡಿಕೊಂಡಳು.

ಜೂನ್ 9, ಸೋಮವಾರ

ಮತ್ತೆ ನೀರು.

ಜೂನ್ 17, ಮಂಗಳವಾರ

ಇದೇನು ಆಟ? ಶುಕ್ರವಾರ ಶನಿವಾರ ಚೆನ್ನಾಗಿರುತ್ತದೆ, ಭಾನುವಾರ ಸಂಜೆಯಿಂದ ಕೆಡುತ್ತದೆ. ಮೂರು ವಾರವೂ ಹಾಗೇ. ಟ್ರುಫಿಯಲ್ಲಿ ಪ್ರಯಾಣಿಕರ ಹತ್ತಿರವೂ ಇದೇ ಮಾತಾಯಿತು. ಒಬ್ಬ, "ಒಣ ಆಹಾರ ಎಲ್ಲಾ ಮೋಸ, ನಮ್ಮಜ್ಜಿ ನಾಯಿಗೆ ಸೂಪು ಹಾಕ್ತಿದ್ಲು, ಹದಿನೆಂಟು ವರ್ಷ ಬದುಕ್ತು" ಎಂದ. "ಅಜ್ಜಿ ಎಷ್ಟು ವರ್ಷ ಬದುಕಿದ್ರು?" ಎಂದೆ. ಮುಂದಿನ ಮೂಲೆಯಲ್ಲಿ ಇಳಿದುಕೊಂಡ.

ಭಾನುವಾರ ನಮ್ಮ ಮನೆಯಲ್ಲಿ ಏನು ನಡೆಯುತ್ತದೆ? ಕೋಳಿ ಪಿಕಾಂತೆ, ಖಾರದ ಸಾರು. ಊಟದ ನಂತರ ನಾನು ಮಲಗುತ್ತೇನೆ, ನಿಲ್ದಾ ಅವಳ ಗೆಳತಿಯ ಮನೆಗೆ ಹೋಗುತ್ತಾಳೆ. ಅಂಗಳದಲ್ಲಿ ಉಳಿಯುವವರು ಭಾವ, ನಾಯಿ, ಕೋಳಿಯ ಮೂಳೆ. ನಾನು ಯಾರ ಮೇಲೂ ಬೆರಳು ತೋರಿಸುತ್ತಿಲ್ಲ. ಬರೆದಿಡುತ್ತಿದ್ದೇನೆ ಅಷ್ಟೇ.

ಜೂನ್ 24, ಮಂಗಳವಾರ

ನಿನ್ನೆ ಸಂತ ಹ್ವಾನ್ ಹಬ್ಬ. ನಮ್ಮ ಕಡೆ ಜೂನ್ ಅಂದರೆ ಚಳಿಗಾಲ, ವರ್ಷದ ಅತಿ ಚಳಿಯ ಇರುಳು ಇದೇ. ಬೀದಿಯವರೆಲ್ಲ ಸಾಸೇಜ್ ಸುಡುತ್ತಿದ್ದರು. ನಾನು ನಾಯಿಯನ್ನು ಅಡುಗೆಮನೆಯೊಳಗೆ ಕಟ್ಟಿ, ಬಾಗಿಲಲ್ಲಿ ಕುರ್ಚಿ ಹಾಕಿ ಕೂತೆ. ಅಂಗಳದ ನೆಲ ಐಸಿನ ಹಾಗಿತ್ತು, ಅದಕ್ಕೇ ಒಳಗೆ ಬಿಟ್ಟದ್ದು. ಈಗ ಅದರ ಚಾಪೆ ಒಲೆಯ ಪಕ್ಕದಲ್ಲೇ ಇದೆ. ತೆಗೆಯುವುದು ಯಾರು, ಸುಮ್ಮನೆ ಕೆಲಸ.

ಡಾಕ್ಟರ್ ಮತ್ತೆ ತೂಗಿದಳು. ಇನ್ನೂ ಇಳಿದಿದೆ. ಆಲ್ಬಾರ್ ಬಿಡಿ, ಮೀನಿನದ್ದು ನೋಡಿ ಎಂದಳು. ಆಸ್ಪತ್ರೆಯಲ್ಲೇ ಮಾರುವ ವಿಶೇಷ ಆಹಾರವೊಂದಿದೆ, ಆದರೆ ಅದರ ಬೆಲೆಗೆ ನಾವು ಮೂವರೂ ಉಪವಾಸ ಬೀಳಬೇಕು.

ಜೂನ್ 28, ಶನಿವಾರ

ರಿಯೊ ಅಸುಲ್. ಟ್ರೌಟ್ ಮೀನಿನ ಪುಡಿ, ಆಲೂಗಡ್ಡೆ, ಬಟಾಣಿ, ಅಗಸೆ. ಬೂದಿಯ ಅಂಶ ಆಲ್ಬಾರಿಗಿಂತ ಕಡಿಮೆ, ಅಂದರೆ ಮೂಳೆ ಕಡಿಮೆ ಅರೆದಿದ್ದಾರೆ. ಬಟಾಣಿ ಮಾತ್ರ ಸ್ವಲ್ಪ ಹೆಚ್ಚಾಯಿತು. ಪ್ರೋಟೀನ್ ಅಂಕಿ ಏರಿಸಲು ಅದು ಸುಲಭದ ದಾರಿ. ಆದರೂ ಕೋಳಿ ಇಲ್ಲ, ಚೀಲವನ್ನು ಎರಡು ಸಲ ಓದಿದೆ. ಸಬೀನಾ ನಾಯಿಯ ಸಮಾಚಾರ ಕೇಳಿ ಮರುಗಿದಳು. "ಪಾಪ ಮೂಕ ಪ್ರಾಣಿ. ತಗೋ ಕಾಸೆರೊ, ನೀನು ಕೇಳೋದೇ ಬೇಡ" ಎಂದು ಮೂರು ಹಿಡಿ ಕೊಸರು ಸುರಿದಳು.

ಮನೆಯಲ್ಲಿ ಪೊಟ್ಟಣವನ್ನು ಹಾಗೇ ಡಬ್ಬಿಯೊಳಗೆ ಇಡುವಾಗ ನೋಡಿದೆ: ದೊಡ್ಡ ಬಿಲ್ಲೆಗಳ ಮೇಲೆ ಸಣ್ಣ ಗುಂಡುಗಳು. ಆಲ್ಬಾರಿನಲ್ಲೂ ಹೀಗೇ ಇತ್ತು. ಬೆಲೆಯ ಮಾಲು ಎರಡು ಆಕಾರದಲ್ಲಿ ಬರುತ್ತದೆ, ಹಲ್ಲಿಗೆ ಒಳ್ಳೆಯದಂತೆ.

ಜುಲೈ 13, ಭಾನುವಾರ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಬೆಳಿಗ್ಗೆಯವರೆಗೂ ಕನೆಲೊ ಚೆನ್ನಾಗಿದ್ದ. ನನ್ನ ಟ್ರುಫಿಯ ಸದ್ದಿಗೆ ಬಾಲವನ್ನೂ ಆಡಿಸಿದ. ಸಂಜೆ ರಕ್ತ ಬಿತ್ತು. ಚಾಪೆ ತೊಳೆಯಲು ಎತ್ತಿದಾಗ ಅದರ ಹರಿದ ಮಡಿಕೆಯೊಳಗೆ ಕೋಳಿಯ ರೆಕ್ಕೆ ಮೂಳೆ ಸಿಕ್ಕಿತು, ಹಳೆಯದು, ಒಣಗಿದ್ದು. ಅದನ್ನು ಒಯ್ದು ಭಾವ ಕಾಫಿ ಕುಡಿಯುತ್ತಿದ್ದ ಮೇಜಿನ ಮೇಲೆ ಇಟ್ಟೆ.

"ಇದೇನು ಭಾವ?"

ಅವನು ನೋಡಿದ. ಮುಖ ಸುಣ್ಣದ ಹಾಗಾಯಿತು. ಲೋಟ ಕೆಳಗಿಟ್ಟ.

"ವಾರವೆಲ್ಲ ನಾನು ಸಂತೆ ಅಲೆದು, ಇರುವೆ ತಲೆಯಷ್ಟು ಅಕ್ಷರ ಓದಿ ತರ್ತೀನಿ. ಭಾನುವಾರ ನೀನು ಕದ್ದು ಕೋಳಿ ತಿನ್ನಿಸ್ತೀಯ. ಇದು ಪ್ರೀತಿ ಅಲ್ಲ ಮಾರಾಯ. ನಿನ್ನ ಕೈಯಿಂದಲೇ ಅವನನ್ನ ಕೊಲ್ತಾ ಇದ್ದೀಯ!"

ನಿಲ್ದಾ "ರೆನಾನ್, ಸಾಕು" ಎಂದಳು. ಅವನ ಎರಡೂ ಕೈ ಮೇಜಿನ ಮೇಲಿದ್ದವು. ಅವನು ಅವನ್ನೇ ನೋಡುತ್ತಿದ್ದ. ಆಮೇಲೆ ಎದ್ದು ಕೋಣೆಗೆ ಹೋದ. ನನಗೆ ಸಿಟ್ಟು ಇನ್ನೂ ಇಳಿದಿಲ್ಲ. ಮಾತಾಡದವನು ತಪ್ಪು ಒಪ್ಪಿಕೊಂಡ ಹಾಗೇ.

ಜುಲೈ 14, ಸೋಮವಾರ

ಭಾವ ಹೋದ. ಪಕ್ಕದ ಊರು ಕಿಲ್ಯಾಕೊಲ್ಯೊದಲ್ಲಿ ಅವನ ರೇಡಿಯೇಟರ್ ರಿಪೇರಿ ಅಂಗಡಿಯ ಹಿಂದೆ ಒಂದು ಗೂಡಿದೆ, ಅಲ್ಲಿಗೆ. ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋದನಂತೆ. ನಾನು ಟ್ರಿಪ್ಪಿನಲ್ಲಿದ್ದೆ. ಹೋಗಲಿ. ಅಂಗಳ ಚೊಕ್ಕಟವಾಯಿತು.

ಜುಲೈ 15

ಅಂಗಳ ಚೊಕ್ಕಟವಾಗಿದೆ.

ಜುಲೈ 19, ಶನಿವಾರ

ಸಂತೆಗೆ ಹೋಗಿ ರಿಯೊ ಅಸುಲ್ ತಂದು ನಿಲ್ದಾಳ ಕೈಯಲ್ಲಿ ಕಳಿಸಿದೆ. ಭಾವನ ಮೇಲಿನ ಸಿಟ್ಟಿಗೆ ನಾಯಿಯನ್ನು ಉಪವಾಸ ಕೆಡವಲಾಗುತ್ತದೆಯೇ? ಕೊಸರು ಜಾಸ್ತಿಯೇ ಹಾಕಿಸಿದ್ದೇನೆ.

ಜುಲೈ 28, ಸೋಮವಾರ

ನಿಲ್ದಾ ಹೋಗಿ ಬಂದಳು. ಅಲ್ಲೂ ಅದೇ ಕಥೆಯಂತೆ: ವಾರದ ಕೊನೆಗೆ ಪರವಾಗಿಲ್ಲ, ಹೊಸ ಪೊಟ್ಟಣ ಕೊಟ್ಟು ಬಂದ ಮಾರನೇ ದಿನಕ್ಕೆ ಮತ್ತೆ ಮಲಗುತ್ತಾನೆ. "ನೋಡಿದೆಯಾ, ಅಲ್ಲೂ ಭಾನುವಾರ ಕೋಳಿ ತಿನ್ನಿಸ್ತಿದ್ದಾನೆ ನಿಮ್ಮಣ್ಣ" ಎಂದೆ. ಅವಳು ಪಾತ್ರೆಯನ್ನು ತೊಟ್ಟಿಯೊಳಗೆ ಎಸೆದು, "ಅವನು ಕೋಳಿ ಮನೆಗೇ ತರ್ತಾ ಇಲ್ಲ! ಸಾರಿಗೂ ಹಾಕೋದು ಬಿಟ್ಟಿದ್ದಾನೆ! ನಿನಗೆ ನಾಯಿ ಗುಣ ಆಗಬೇಕಾ, ನಿನ್ನ ಮಾತು ಗೆಲ್ಲಬೇಕಾ?" ಎಂದಳು. ಪಾತ್ರೆಯನ್ನು ತೊಟ್ಟಿಯಿಂದ ಎತ್ತಿಟ್ಟೆ. ನಾನು ಫೋನು ಮಾಡಿದರೆ ಅವನು ಎತ್ತುವುದಿಲ್ಲ.

ಆಗಸ್ಟ್ 9, ಶನಿವಾರ

ಸಂತೆ. ಪೊಟ್ಟಣ. ಕಳಿಸಿದೆ. ಇವತ್ತು ಟ್ರುಫಿಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ.

ಆಗಸ್ಟ್ 16, ಶನಿವಾರ

ಸಂತ ರೋಕೆಯ ದಿನ, ನಾಯಿಗಳ ಹಬ್ಬ. ಬೀದಿಯ ಪೋಲಿ ನಾಯಿಗಳಿಗೂ ಯಾರೋ ಕೊರಳಿಗೆ ಬಣ್ಣದ ರಿಬ್ಬನ್ ಕಟ್ಟಿದ್ದಾರೆ. ನಿಲ್ದಾ ಕೆಂಪು ರಿಬ್ಬನ್ ತೆಗೆದುಕೊಂಡು, ಉರ್ಕುಪೀನ್ಯಾ ಮಾತೆಯ ಜಾತ್ರೆಯ ಜನದ ನಡುವೆ ನೂಕಿಕೊಂಡು ಕಿಲ್ಯಾಕೊಲ್ಯೊಗೆ ಹೋದಳು. ಬಂದಾಗ ಕಣ್ಣು ಬಾತಿದ್ದವು. ಚಪ್ಪಲಿಯನ್ನೂ ಬಿಡದೆ ಕೂತುಬಿಟ್ಟಳು.

"ನಾಳೆ ಹತ್ತಕ್ಕೆ ಡಾಕ್ಟರ್ ಬರ್ತಾರೆ" ಎಂದಳು. "ಸೂಜಿ ಹಾಕಿ ಕನೆಲೊನನ್ನ ಕೊನೇ ಸಲ ಮಲಗಿಸೋಕೆ. ಅಣ್ಣನೇ ಕರೆಸಿದ್ದಾನೆ. ಇವತ್ತೇ ಬರ್ತೀನಿ ಅಂದ್ರಂತೆ, ಬೇಡ, ಇವತ್ತು ಅವನ ಹಬ್ಬ, ರಿಬ್ಬನ್ ಕಟ್ಟಿಕೊಂಡು ಒಂದು ದಿನ ಇರಲಿ ಅಂದನಂತೆ."

ನನಗೆ ಸಿಟ್ಟು ಬರುತ್ತದೆ ಎಂದು ಕಾದೆ. ಬರಲಿಲ್ಲ. ಕನೆಲೊ ನಿಲ್ಲುತ್ತಾನಾ ಎಂದು ಕೇಳಿದೆ. ಎದ್ದು ನಿಂತು ರಿಬ್ಬನ್ ಕಟ್ಟಿಸಿಕೊಂಡನಂತೆ, ಆಮೇಲೆ ಕೂತನಂತೆ.

ಆಗಸ್ಟ್ 17, ಭಾನುವಾರ

ಎಲ್ಲವನ್ನೂ ಬರೆಯುತ್ತೇನೆ, ಬರೆಯದಿದ್ದರೆ ಎದೆ ಒಡೆಯುತ್ತದೆ.

ಬೆಳಿಗ್ಗೆ ಸಂತೆಗೆ ಹೋದೆ. ಕೊನೆಯ ಊಟವಾದರೂ ನನ್ನ ಕೈಯಿಂದ ಹೋಗಲಿ ಎನಿಸಿತು. ಸಬೀನಾಗೆ "ಅರ್ಧ ಕಿಲೋ ಕೊಡು ಕಾಸೆರಾ, ಇವತ್ತು ಅವನನ್ನ ಮಲಗಿಸ್ತಾರೆ" ಎಂದೆ. ಅವಳು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು ತೂಗಿದಳು. ಮುಳ್ಳು ಎಲ್ಲಿ ನಿಂತಿತೋ ನನಗೆ ಗೊತ್ತಿಲ್ಲ. "ಕೊಸರು ಬೇಡ" ಎಂದೆ. "ಅಯ್ಯೋ, ಇವತ್ತೇ ಬೇಕು" ಎಂದವಳು ರಿಯೊ ಅಸುಲ್ ಮೂಟೆಯನ್ನು ದಾಟಿ, ಕೊನೆಯ ಕೆಂಪು ಮೂಟೆಗೆ ಕೈ ಹಾಕಿದಳು. ಹಿಡಿಯಿಂದ ಸಣ್ಣ ಗುಂಡುಗಳು ಬಿದ್ದವು.

"ಅದ್ಯಾವುದು?"

"ನಾಯಿಮರಿಗಳದ್ದು ಕಾಸೆರೊ, ಕೋಳಿ ಮಾಂಸದ್ದು. ನನ್ನ ಅಂಗಡೀಲಿ ಇದಕ್ಕಿಂತ ರುಚಿಯಾದ್ದು ಇಲ್ಲ. ನಾಯಿಗಳು ಹುಚ್ಚು ಹಿಡಿದ ಹಾಗೆ ತಿಂತಾವೆ."

"ಯಾವತ್ತಿಂದ ಇದನ್ನ ಹಾಕ್ತಿದ್ದೀಯ?"

"ಮೊದಲಿಂದ್ಲೂ ಇದೇ ಅಲ್ವಾ! ಆ ದುಬಾರಿ ಮೂಟೆಗಳು ನನ್ನವಲ್ಲ, ಕಂಪನಿಯವನು ಇಟ್ಟು ಹೋಗ್ತಾನೆ, ವಾರಕ್ಕೊಮ್ಮೆ ಬಂದು ಉಳಿದದ್ದನ್ನ ತೂಗ್ತಾನೆ. ಅದರಿಂದ ಕೊಸರು ಹಾಕಿದ್ರೆ ನನ್ನ ತಲೆ ಮೇಲೆ ಬರುತ್ತೆ. ಕೊಸರು ನನ್ನ ಸ್ವಂತ ಮೂಟೆಯಿಂದ್ಲೇ ಕೊಡಬೇಕು. ಕೆಟ್ಟದ್ದೇನು ಕೊಟ್ಟಿಲ್ಲಪ್ಪ, ಒಳ್ಳೇದನ್ನೇ ಕೊಟ್ಟಿದ್ದೀನಿ."

ಕೋಳಿ ಆಗುವುದಿಲ್ಲ ಎಂದು ನಾನು ಅವಳಿಗೆ ಒಂದು ದಿನವೂ ಹೇಳಿರಲಿಲ್ಲ. ಚೀಲ ಓದುವವನು ನಾನು, ಅವಳಿಗೇಕೆ ಹೇಳಬೇಕು? ಶನಿವಾರ ತರುತ್ತಿದ್ದೆ. ಕೊಸರು ಪೊಟ್ಟಣದ ಮೇಲುಗಡೆ ಇರುತ್ತಿತ್ತು. ಭಾನುವಾರದ ಬಟ್ಟಲಿಗೆ ಮೊದಲು ಬೀಳುತ್ತಿದ್ದದ್ದು ಅದೇ. ಬುಧವಾರದ ಹೊತ್ತಿಗೆ ಮುಗಿಯುತ್ತಿತ್ತು. ಆಮೇಲೆ ಅವನು ಗುಣವಾಗುತ್ತಿದ್ದ, ನಾನು ಮತ್ತೆ ಸಂತೆಗೆ ಹೋಗುತ್ತಿದ್ದೆ. ಸಾಲದ್ದಕ್ಕೆ ಇನ್ನೊಂದು ಹಿಡಿ ಹಾಕು ಎಂದು ಜಗಳವಾಡಿ ಹಾಕಿಸಿಕೊಂಡು ಬರುತ್ತಿದ್ದೆ.

ಪೊಟ್ಟಣವನ್ನು ಅಲ್ಲೇ ಬಿಟ್ಟು ಓಡಿದೆ. ಗಾಡಿಯೊಳಗೆ ಆಗಲೇ ನಾಲ್ಕು ಜನ ಹತ್ತಿ ಕೂತಿದ್ದರು. ಇಳಿಸುವಷ್ಟು ಹೊತ್ತೂ ಇರಲಿಲ್ಲ. ಭಾವನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಡಾಕ್ಟರೂ ಎತ್ತಲಿಲ್ಲ. ನಿಲ್ದಾಳಿಗೆ "ನಿನ್ನ ಫೋನಿಂದ ಮಾಡು, ಸೂಜಿ ಹಾಕಬೇಡಿ ಅನ್ನು" ಎಂದು ಕೂಗಿದೆ. ಅವಳದ್ದನ್ನೂ ಯಾರೂ ಎತ್ತಲಿಲ್ಲವಂತೆ.

"ಡ್ರೈವರ್ರೇ, ಮೂಲೆಯಲ್ಲಿ ನಿಲ್ಸಿ, ನಾನು ಇಳೀಬೇಕು!"

"ಆಗಲ್ಲ."

"ಆಗಲ್ಲ ಅಂದ್ರೆ? ಯಾರಿಗಾದ್ರೂ ಹುಷಾರಿಲ್ವಾ?"

"ನನ್ನ ನಾಯಿನ ಕೊಲ್ಲೋಕೆ ಹೊರಟಿದ್ದಾರೆ" ಎಂದೆ. ಹಿಂದಿದ್ದ ಮುದುಕಿ, "ಮತ್ತೆ ಯಾಕೆ ಇಷ್ಟು ನಿಧಾನ ಓಡಿಸ್ತೀಯ, ಮಗನೇ? ಬಲಕ್ಕೆ ನುಗ್ಗು" ಎಂದಳು.

ಜಾತ್ರೆಯ ಜನ ಇನ್ನೂ ಕರಗಿರಲಿಲ್ಲ. ವೃತ್ತದ ಹತ್ತಿರ ಬಸ್ಸು, ಲಾರಿ, ಬ್ಯಾಂಡಿನವರು ಎಲ್ಲ ಕಲಸಿಕೊಂಡು ದಾರಿ ಕಟ್ಟಿತ್ತು. ಹತ್ತು ದಾಟಿಹೋಗಿತ್ತು. ಗಾಡಿಯನ್ನು ಅಲ್ಲೇ ನಿಲ್ಲಿಸಿ, ಕೀಲಿಯನ್ನು ಮುದುಕಿಯ ಮಡಿಲಿಗೆ ಹಾಕಿ ಓಡಿದೆ. ಈ ಹೊಟ್ಟೆ ಹೊತ್ತುಕೊಂಡು ನಾನು ಓಡಿ ಎಷ್ಟು ಕಾಲವಾಯಿತೋ. ಡೊಳ್ಳು ಬಡಿಯುವವನೊಬ್ಬನಿಗೆ ಡಿಕ್ಕಿ ಹೊಡೆದು ಬಿದ್ದು ಮಂಡಿ ತರಚಿತು.

ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಹೊರಗೆ ಡಾಕ್ಟರ್ ಆರ್ಮಿಂದಾಳ ಮೋಟಾರ್ ಸೈಕಲ್. ಬಗ್ಗಿ ಒಳಗೆ ನುಗ್ಗಿದೆ. ಕನೆಲೊ ಕಂಬಳಿಯ ಮೇಲಿದ್ದ, ಕೊರಳಲ್ಲಿ ಕೆಂಪು ರಿಬ್ಬನ್, ಮುಂಗಾಲಿನಲ್ಲಿ ಕೂದಲು ಬೋಳಿಸಿದ ಸಣ್ಣ ಜಾಗ. ಭಾವ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಆರ್ಮಿಂದಾ ಗೋಡೆಗೆ ಒರಗಿ ನಿಂತಿದ್ದಳು. ಸೂಜಿ ಇನ್ನೂ ಅವಳ ಕೈಯಲ್ಲೇ ಇತ್ತು.

"ಹತ್ತರಿಂದ 'ಇನ್ನೊಂದು ನಿಮಿಷ, ಇನ್ನೊಂದು ನಿಮಿಷ' ಅಂತಿದ್ದಾರೆ" ಎಂದಳು.

ನನಗೆ ಉಸಿರು ಹತ್ತುತ್ತಿರಲಿಲ್ಲ. "ಕೊಸರು" ಎಂದೆ. ಇಬ್ಬರೂ ನನ್ನನ್ನು ನೋಡಿದರು. ನೆಲದ ಮೇಲೆ ಕೂತು ಎಲ್ಲ ಹೇಳಿದೆ, ಕೆಂಪು ಮೂಟೆ, ಕೋಳಿ, ಶನಿವಾರ. "ನಾನೇ ತಂದು ಹಾಕಿದ್ದು ಭಾವ. ವಾರ ವಾರ. ನಿನ್ನ ಕೈಯಲ್ಲ. ನನ್ನ ಕೈ."

ಭಾವ ಕಂಬಳಿಯ ಅಂಚನ್ನು ಎಳೆದು ಕನೆಲೊನಿಗೆ ಹೊದಿಸಿದ. ಆಮೇಲೆ, "ನಾನೂ ಕೊಟ್ಟಿದ್ದೆ ರೆನಾನ್. ಒಂದೇ ಒಂದು ಸಲ. ನೀನು ಆಲ್ಬಾರ್ ತರೋಕೆ ಮುಂಚೆ, ಡಾಕ್ಟರ್ ಹೇಳೋಕೂ ಮುಂಚೆ, ಒಂದು ರೆಕ್ಕೆ. ಅದರ ಮೂಳೆಯನ್ನೇ ನೀನು ಮೇಜಿನ ಮೇಲಿಟ್ಟೆ. ಅವತ್ತಿಂದ ನನಗೆ ನನ್ನ ಕೈ ಮೇಲೆ ನಂಬಿಕೆ ಹೋಯ್ತು" ಎಂದ.

ಆಗ ನೋಡಿದೆ. ರೇಡಿಯೇಟರ್ ಬೆಸೆಯುವಾಗ ಹಾಕುವ ದಪ್ಪ ಚರ್ಮದ ಕೈಗವಸು ಅವನ ಎರಡೂ ಕೈಯಲ್ಲಿತ್ತು. ಕೋಳಿಯ ವಾಸನೆಯಾದರೂ ಎಲ್ಲೋ ಉಳಿದಿದ್ದರೆ ಎಂದು, ನಮ್ಮ ಮನೆ ಬಿಟ್ಟ ದಿನದಿಂದ ಅವನು ಕನೆಲೊನನ್ನು ಬರಿಗೈಯಲ್ಲಿ ಮುಟ್ಟಿರಲಿಲ್ಲ. ನೆಕ್ಕಲು ಬಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದನಂತೆ. ಈ ಮಾತನ್ನು ಆಮೇಲೆ ನಿಲ್ದಾ ಹೇಳಿದಳು.

ಆರ್ಮಿಂದಾ ಸೂಜಿಗೆ ಮುಚ್ಚಳ ಹಾಕಿದಳು. "ನಾನು ಮಾತು ಕೊಡಲ್ಲ. ಅವನಲ್ಲಿ ಶಕ್ತಿ ಏನೂ ಉಳಿದಿಲ್ಲ. ಆದ್ರೆ ಮೂರು ವಾರ ನೋಡೋಣ. ಮುಚ್ಚಿದ ಚೀಲ, ಸೀಲ್ ಒಡೆಯದ್ದು" ಎಂದು ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ.

ಭಾವ ಹಲ್ಲಿನಿಂದ ಕಚ್ಚಿ ಬಲಗೈ ಗವಸನ್ನು ಎಳೆದು ತೆಗೆದ. ಸಾಬೂನಿಗೆ ಸುಲಿದು ಬೆರಳುಗಳು ಬೆಳ್ಳಗಾಗಿದ್ದವು. ಕನೆಲೊ ಕಣ್ಣು ತೆರೆಯದೆಯೇ ಮೂಗು ಚಾಚಿ, ಆ ಕೈಯನ್ನು ಹುಡುಕಿ ನೆಕ್ಕತೊಡಗಿದ. ನಾನು ಹೊರಗೆ ಬಂದು ರಸ್ತೆಯಲ್ಲಿ ನಿಂತು ಅತ್ತೆ, ಜಾತ್ರೆಯ ಜನ ನೋಡಿದರೆ ನೋಡಲಿ ಎಂದು.

ಆಗಸ್ಟ್ 26, ಮಂಗಳವಾರ

ಆಲ್ಬಾರ್, ಇಡೀ ಚೀಲ, ಸೀಲ್ ಒಡೆಯದ್ದು. ಗಾಡಿಯ ಸ್ಟೀರಿಯೊ ಮಾರಿದೆ. ಪ್ರಯಾಣಿಕರು ಹಾಡಿಲ್ಲವೇ ಎಂದರೆ ನಾನೇ ಹಾಡುತ್ತೇನೆ ಎನ್ನುತ್ತೇನೆ, ಬೇಡ ಎನ್ನುತ್ತಾರೆ. ಕನೆಲೊ ಬದುಕಿದ್ದಾನೆ, ಅಷ್ಟೇ. ಇನ್ನೂ ನೀರು. ಭಾವ ನನ್ನೊಡನೆ ಹೆಚ್ಚು ಮಾತಾಡುವುದಿಲ್ಲ. ನಾನೂ ಕೇಳುವುದಿಲ್ಲ. ಹೋಗಿ ಪಕ್ಕದಲ್ಲಿ ಕೂತು ಬರುತ್ತೇನೆ.

ಸೆಪ್ಟೆಂಬರ್ 5, ಶುಕ್ರವಾರ

ಬೆಳಕು ಹರಿಯುವ ಮೊದಲೇ ಫೋನು ಹೊಡೆದುಕೊಂಡಿತು. ಫರ್ಮೀನ್ ಎಂದು ತೋರಿಸಿತು. ಜುಲೈ ತಿಂಗಳಿಂದ ಅವನಾಗಿ ನನಗೆ ಫೋನು ಮಾಡಿದವನಲ್ಲ. ನಿಲ್ದಾ ಎದ್ದು ಕೂತು ನನ್ನ ತೋಳು ಹಿಡಿದುಕೊಂಡಳು. ಎತ್ತುವ ಧೈರ್ಯ ನನಗಿರಲಿಲ್ಲ, ಅವಳೇ ಗುಂಡಿ ಒತ್ತಿ ನನ್ನ ಕಿವಿಗೆ ಹಿಡಿದಳು.

ಆ ಕಡೆ ಬರೀ ಉಸಿರು. ಆಮೇಲೆ ಭಾವನ ದನಿ, ಅಳುವೋ ನಗುವೋ ತಿಳಿಯದ ಹಾಗೆ:

"ರೆನಾನ್... ನೀರಲ್ಲ, ಗಟ್ಟಿಯಾಗಿದೆ ಕಣೋ. ಬಾ, ಬಂದು ನೋಡು."